ಸತ್ಯಾಂಶ: ಐಸಿಯುನಲ್ಲಿರುವ ಮಗುವನ್ನು ತಾಯಿ ಮುಟ್ಟಬಾರದೇ?

“ಐಸಿಯುನಲ್ಲಿರುವ ಹಸುಗೂಸನ್ನು ತಾಯಿ ಮುಟ್ಟಿದರೆ ಸೋಂಕು ತಗಲುತ್ತದೆ. ಚಿಂತೆ ಮಾಡಿದ ಬಾಣಂತಿಯ ಹಾಲು ನಂಜಾಗುತ್ತದೆ.” ಇಂಥ ಮೆಸೇಜ್ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಎರಡೂ ಮಾತು ತಪ್ಪು.

2021ರಲ್ಲಿ ಪ್ರಕಟವಾದ ವಿಶ್ವ ಆರೋಗ್ಯ ಸಂಸ್ಥೆಯ ಅಧ್ಯಯನ ನೋಡಿ. ಭಾರತವೂ ಸೇರಿ ಐದು ದೇಶಗಳಲ್ಲಿ, 1ರಿಂದ 1.8 ಕಿಲೋ ಒಳಗಿನ ಶಿಶುಗಳ ಮೇಲೆ ನಡೆದದ್ದು. ಒಂದು ಗುಂಪಿನಲ್ಲಿ ಹುಟ್ಟಿದ ಕೂಡಲೇ ಮಗುವನ್ನು ತಾಯಿಯ ಎದೆಗೆ, ಮೈಗೆ ಮೈ ತಾಗುವಂತೆ ಇಟ್ಟರು. ತಾಯಿಗೂ ಐಸಿಯು ಒಳಗೇ ಹಾಸಿಗೆ. ಇನ್ನೊಂದರಲ್ಲಿ ಮಗು ಚೇತರಿಸಿಕೊಳ್ಳುವವರೆಗೆ ಕಾದರು. ಮೊದಲ 28 ದಿನಗಳಲ್ಲಿ ಕಾದ ಗುಂಪಿನಲ್ಲಿ 100ಕ್ಕೆ ಸುಮಾರು 16 ಶಿಶುಗಳು ತೀರಿಕೊಂಡರೆ, ತಾಯಿ ಜೊತೆಗಿದ್ದ ಗುಂಪಿನಲ್ಲಿ 12. ಈ ವ್ಯತ್ಯಾಸ ಸಣ್ಣದಲ್ಲ. ನಮ್ಮ ಕೊಪ್ಪಳ ಜಿಲ್ಲೆಯಲ್ಲೂ ಈ ‘ಕಾಂಗರೂ ಆರೈಕೆ’ಯನ್ನು ದೊಡ್ಡ ಪ್ರಮಾಣದಲ್ಲಿ ಜಾರಿ ಮಾಡಿದ್ದಾರೆ.

ಕೈಯನ್ನು ಸೋಪಿನಿಂದ ಚೆನ್ನಾಗಿ ತೊಳೆಯಬೇಕು, ನರ್ಸ್ ಹೇಳಿದಂತೆ ನಡೆಯಬೇಕು. ಉಸಿರಾಟಕ್ಕೆ ಯಂತ್ರ ಬೇಕಾದ ಮಗುವನ್ನು ಯಾವಾಗ ಎತ್ತಬಹುದು ಅಂತ ವೈದ್ಯರೇ ನಿರ್ಧರಿಸುತ್ತಾರೆ.

ಇನ್ನು ಹಾಲಿನ ವಿಷಯ. ಚಿಂತೆಯಿಂದ, ನೋವಿನಿಂದ ಹಾಲು ಇಳಿಯುವುದು ಸ್ವಲ್ಪ ತಡವಾಗಬಹುದು, ಆದರೆ ಅದು ವಿಷವಾಗುವುದಿಲ್ಲ. ಹೆರಿಗೆಯಾದ ಕೆಲವೇ ಗಂಟೆಗಳಲ್ಲಿ ಕೈಯಿಂದ ಹಿಂಡಲು ಶುರು ಮಾಡಿ, ದಿನಕ್ಕೆ ಎಂಟು ಸಲವಾದರೂ ಹಿಂಡಿದರೆ ಹಾಲು ಜಾಸ್ತಿಯಾಗುತ್ತದೆ. ಮೊದಲು ಬರುವ ಗಿಣ್ಣು ಹಾಲಿನ ಕೆಲವು ಹನಿಗಳೂ ಮಗುವಿಗೆ ಬೇಕು.

ಬಾಣಂತಿಯನ್ನು ಸುಮ್ನೆ ಬೈಯಬೇಡಿ, ಅವಳದೇನೂ ತಪ್ಪಿಲ್ಲ. ಊಟ ತಂದುಕೊಡಿ, ಮಲಗಲು ಬಿಡಿ. ಅವಳಿಗೆ ಸುಸ್ತಾದಾಗ ಅಪ್ಪನೋ ಅಜ್ಜಿಯೋ ಮಗುವನ್ನು ಎದೆಗೆ ಕಟ್ಟಿಕೊಳ್ಳಬಹುದು. ಎರಡು ವಾರ ಕಳೆದರೂ ಅಳು, ನಿದ್ದೆಗೇಡು ನಿಲ್ಲದಿದ್ದರೆ ವೈದ್ಯರಿಗೆ ಹೇಳಿ.