ಊರ ತುಂಬಾ ಕಾಲುವೆ, ಶೌಚಾಲಯ ಮಾತ್ರ ಎಲ್ಲಿ?

ಆಮ್‌ಸ್ಟರ್‌ಡ್ಯಾಂನಿಂದ ಉಟ್ರೆಕ್ಟ್‌ಗೆ ರೈಲಿನಲ್ಲಿ ಅರ್ಧ ಗಂಟೆ ಅಷ್ಟೇ, ಒಂದು ದಿನದ ಸುತ್ತಾಟಕ್ಕೆ ಹೇಳಿ ಮಾಡಿಸಿದ ಊರು. ಆದರೆ ಅಲ್ಲಿ ಶೌಚಾಲಯ ಹುಡುಕುವುದಿದೆಯಲ್ಲ, ಅಯ್ಯೋ! ರೈಲು ನಿಲ್ದಾಣದಲ್ಲಿ ದುಡ್ಡು ಕೊಟ್ಟರೇ ಗೇಟು ತೆರೆಯುತ್ತದೆ. ಹಳೇ ಕಾಲುವೆಯ ದಂಡೆಯಲ್ಲಿ, ನೀರಿನ ಮಟ್ಟಕ್ಕೇ ಇರುವ ನೆಲಮಾಳಿಗೆಗಳಲ್ಲಿ (ಹಿಂದೆ ದೋಣಿಯಿಂದ ಸರಕು ಇಳಿಸಿ ಇಡುತ್ತಿದ್ದ ಜಾಗ, ನೋಡಲು ನಿಜಕ್ಕೂ ಚೆಂದ) ಈಗ ಹೋಟೆಲುಗಳಿವೆ, ಒಳಗೆ ಹೋಗಿ ಕೇಳಿದರೆ ಮೊದಲು ಏನಾದರೂ ತಗೊಳ್ಳಿ ಎನ್ನುತ್ತಾರೆ. ಕಾಫಿ ಕುಡಿದರೆ ಸ್ವಲ್ಪ ಹೊತ್ತಿಗೆ ಮತ್ತೆ ಅದೇ ಕಥೆ, ಅಲ್ವಾ? ಆಮ್‌ಸ್ಟರ್‌ಡ್ಯಾಂನಲ್ಲಾದರೆ ಗಂಡಸರಿಗೆ ಕಾಲುವೆ ಪಕ್ಕದಲ್ಲೇ ಹಸಿರು ಕಬ್ಬಿಣದ ಮರೆ ಕಟ್ಟಿಕೊಟ್ಟಿದ್ದಾರೆ. ಹೆಂಗಸರು ಏನು ಮಾಡಬೇಕು? ಇದರ ಮಧ್ಯೆ ಉಟ್ರೆಕ್ಟ್‌ನಲ್ಲಿ 112 ಮೀಟರ್ ಎತ್ತರದ ಡಾಮ್ ಚರ್ಚಿನ ಗೋಪುರ ಬೇರೆ, 465 ಮೆಟ್ಟಿಲು, ಗೈಡ್ ಜೊತೆಗೇ ಹತ್ತಬೇಕು. ಯಾವ ಧೈರ್ಯದ ಮೇಲೆ ಹತ್ತುವುದು, ನೀವೇ ಹೇಳಿ.