ಪಿಂಗ್ ಬಂದರೆ ಟನಲ್ ಆಯ್ತಾ ಮಾರಾಯ್ರೆ?

ಈಗಷ್ಟೇ ಮಂಗಳೂರಿನ ಬೈಕಂಪಾಡಿಯ ಒಂದು ಗೋಡೌನಿನಲ್ಲಿ ನೋಡಿ ಬಂದದ್ದು. ಅಲ್ಲಿಗೂ ಹಂಪನಕಟ್ಟೆಯ ಅಂಗಡಿಗೂ ಎರಡು ರೌಟರ್ ಇಟ್ಟು ಜಿಆರ್‌ಇ ಟನಲ್ ಹಾಕಿದ್ದಾರೆ, ಅಂದರೆ ಇಂಟರ್‌ನೆಟ್ಟಿನ ಮೇಲೆಯೇ ಎರಡೂ ಕಡೆಯ ನೆಟ್‌ವರ್ಕ್ ಸೇರಿಸುವ ದಾರಿ. ಪಿಂಗ್ ಚಂದ ಬರ್ತದೆ. ಬಿಲ್ಲಿಂಗ್ ಸಾಫ್ಟ್‌ವೇರಿಗೆ ಲಾಗಿನ್ ಕೂಡಾ ಆಗ್ತದೆ. ಸ್ಟಾಕ್ ಪಟ್ಟಿ ತೆಗೆಯಿರಿ, ಅಲ್ಲಿಗೇ ನಿಂತಿತು. ಹಾಕಿಕೊಟ್ಟವರಿಗೆ ಫೋನ್ ಮಾಡಿದರೆ, "ಪಿಂಗ್ ಉಂಟಲ್ಲ ಸರ್, ಟನಲ್ ಸರಿಯಾಗಿಯೇ ಉಂಟು. ಮಳೆಗೆ ಲೈನ್ ಹಾಳಾಗಿರ್ಬೇಕು." ಪಾಪದ ಮಳೆ! ನಮ್ಮೂರಲ್ಲಿ ಯಾರ ತಪ್ಪನ್ನೂ ಅದರ ತಲೆಗೆ ಕಟ್ಟಬಹುದು.

ವಿಂಡೋಸಿನ ಮಾಮೂಲಿ ಪಿಂಗ್ ಹೊತ್ತೊಯ್ಯುವುದು ಬರೀ 32 ಬೈಟ್. ಸಂಕದ ಮೇಲೆ ಸೈಕಲ್ ದಾಟಿತು ಅಂತ ಲಾರಿ ಬಿಡ್ತೀರಾ?

ಲೆಕ್ಕ ಇಷ್ಟೇ. ಈಥರ್‌ನೆಟ್ಟಿನ ಎಂಟಿಯು, ಅಂದರೆ ಒಂದು ಪ್ಯಾಕೆಟಿನ ಗರಿಷ್ಠ ಗಾತ್ರ, 1500 ಬೈಟ್. ಯೂಸರ್‌ನೇಮ್, ಪಾಸ್‌ವರ್ಡ್ ಕೊಟ್ಟು ಡಯಲ್ ಮಾಡುವ ಪಿಪಿಪಿಒಇ ಲೈನ್ ಆದರೆ 8 ಹೋಯಿತು, 1492. ಜಿಆರ್‌ಇಗೆ 24, ಅಂದರೆ ಹೊರಗಿನ ಐಪಿ ಹೆಡರ್ 20, ಜಿಆರ್‌ಇ ಹೆಡರ್ 4. ಉಳಿದದ್ದು 1468. ಟನಲ್ ಇಂಟರ್‌ಫೇಸಿಗೆ ಹಾಕಬೇಕಾದ ಎಂಟಿಯು ಇದು, ಎರಡೂ ತುದಿಗೆ. ಇದರಿಂದ ಐಪಿ, ಟಿಸಿಪಿ ಹೆಡರುಗಳ ಇನ್ನೊಂದು 40 ಕಳೆದರೆ ಟಿಸಿಪಿ ಎಂಎಸ್‌ಎಸ್ (ಒಂದು ಪ್ಯಾಕೆಟಿನಲ್ಲಿ ಹಿಡಿಯುವ ಡೇಟಾದ ಮಿತಿ) 1428. ಅದನ್ನೂ ಕ್ಲ್ಯಾಂಪ್ ಮಾಡಬೇಕು, ಅಂದರೆ ಅದಕ್ಕಿಂತ ಮೇಲೆ ಹೋಗದಂತೆ ರೌಟರಿನಲ್ಲೇ ಕಟ್ಟಿಹಾಕಬೇಕು. ಇವರು ಡೀಫಾಲ್ಟ್ 1476 ಬಿಟ್ಟು ಬಂದಿದ್ದಾರೆ. ಪಿಪಿಪಿಒಇ ಇಲ್ಲದ ಲೈನಿಗೆ ಮಾತ್ರ ಸರಿಯಾಗುವ ಸಂಖ್ಯೆ ಅದು. ಎಂಟು ಬೈಟಿಗೆ ಎರಡು ಕಡೆಯ ಜನರ ಮಂಡೆ ಬಿಸಿ! ಲಾಗಿನ್ನಿನ ಪ್ಯಾಕೆಟ್ ಚಿಕ್ಕದು, ದಾಟಿತು; ಸ್ಟಾಕ್ ಪಟ್ಟಿಯದ್ದು ದೊಡ್ಡದು, ದಾರಿಯಲ್ಲೇ ಬಿತ್ತು. ಕೆಲವು ರೌಟರ್‌ಗಳು ಆ ದೊಡ್ಡ ಪ್ಯಾಕೆಟನ್ನು ಬಿಸಾಡದೆ ತುಂಡು ಮಾಡಿ ಕಳಿಸುತ್ತವೆ. ಆಗ ಕೆಲಸ ನಿಲ್ಲುವುದಿಲ್ಲ, ತೆವಳುತ್ತದೆ. ಕಂಡುಹಿಡಿಯಲು ಇನ್ನೂ ಕಷ್ಟ.

"ಪಾತ್ ಎಂಟಿಯು ಡಿಸ್ಕವರಿ ಅಂತ ಉಂಟಲ್ಲ, ದಾರಿಗೆ ಹಿಡಿಯುವ ಸೈಜನ್ನು ತನ್ನಷ್ಟಕ್ಕೆ ಸರಿ ಮಾಡಿಕೊಳ್ತದೆ" ಅಂತ ಯಾರಾದರೂ ಕಮೆಂಟ್ ಹಾಕ್ತೀರಿ, ಗೊತ್ತು. ಉಂಟು ಮಾರಾಯ್ರೆ. ಅದು ನಡೆಯುವುದು "ಪ್ಯಾಕೆಟ್ ದೊಡ್ಡದಾಯ್ತು, ತುಂಡು ಮಾಡಬೇಕು" ಎನ್ನುವ ಐಸಿಎಂಪಿ ಸಂದೇಶ (ಟೈಪ್ 3, ಕೋಡ್ 4) ಕಳಿಸಿದವರಿಗೆ ವಾಪಸ್ ತಲುಪಿದರೆ. ಸೆಕ್ಯೂರಿಟಿ ಅಂತ ಹೇಳಿ ಎಕೋ (ಪಿಂಗಿನದ್ದು) ಒಂದನ್ನು ಬಿಟ್ಟು ಉಳಿದ ಐಸಿಎಂಪಿಯನ್ನೆಲ್ಲ ಫೈರ್‌ವಾಲಿನಲ್ಲಿ ಮುಚ್ಚಿ ಹೋದವರು ಯಾರು? ಇದೇ ಪುಣ್ಯಾತ್ಮರು.

ಉಳಿದದ್ದು ಮಕ್ಕಳಾಟಿಕೆ, ಆದರೂ ಹೇಳಿಬಿಡ್ತೇನೆ. ಎರಡೂ ಕಡೆ ಪಬ್ಲಿಕ್ ಸ್ಟ್ಯಾಟಿಕ್ ಐಪಿ ಬೇಕು. ರೌಟರಿನ ವ್ಯಾನ್ (ಇಂಟರ್‌ನೆಟ್ ಕಡೆಯ) ವಿಳಾಸ 100.64ರಿಂದ 100.127ರ ಒಳಗಿದ್ದರೆ ನೀವು ಸಿಜಿನ್ಯಾಟ್ (ಒಂದೇ ಪಬ್ಲಿಕ್ ಐಪಿಯನ್ನು ಹಲವು ಗಿರಾಕಿಗಳಿಗೆ ಹಂಚುವ ವ್ಯವಸ್ಥೆ) ಹಿಂದೆ ಇದ್ದೀರಿ, ಜಿಆರ್‌ಇ ಆಸೆ ಬಿಡಿ, ವೈರ್‌ಗಾರ್ಡ್ ಎನ್ನುವ ಬೇರೆ ಟನಲ್ ನೋಡಿ. ಅದಕ್ಕೆ ಒಂದು ತುದಿಯಲ್ಲಿ ಪಬ್ಲಿಕ್ ಐಪಿ ಇದ್ದರೆ ಸಾಕು. ಅಂಗಡಿಗೆ 192.168.10, ಗೋಡೌನಿಗೆ 192.168.20 ಹೀಗೆ ಬೇರೆ ಬೇರೆ ಸಬ್‌ನೆಟ್ ಕೊಡಿ. ಎರಡೂ ಕಡೆ 192.168.1 ಇಟ್ಟುಕೊಂಡು ರೂಟ್ ಬರೆದರೆ ಪ್ಯಾಕೆಟ್ ಮನೆ ಬಿಟ್ಟು ಹೊರಡುವುದೇ ಇಲ್ಲ. ಟನಲಿಗೆ 10.255.0.1, 10.255.0.2, ಒಂದು /30 (ಎರಡೇ ವಿಳಾಸ ಬಳಸಬಹುದಾದ ಸಬ್‌ನೆಟ್). ಆಚೆ ತುದಿಯ ಪಬ್ಲಿಕ್ ಐಪಿಗೆ ಹೋಗುವ ದಾರಿ ಟನಲಿನೊಳಗಿಂದಲೇ ಆಗದ ಹಾಗೆ ನೋಡಿಕೊಳ್ಳಿ, ಹಾಗೇನಾದರೂ ಆದರೆ ಟನಲ್ ಏಳುತ್ತದೆ, ಬೀಳುತ್ತದೆ, ಮತ್ತೆ ಏಳುತ್ತದೆ. ಫೈರ್‌ವಾಲಿನಲ್ಲಿ ಬಿಡಬೇಕಾದದ್ದು ಐಪಿ ಪ್ರೋಟೋಕಾಲ್ 47, ಅದೂ ಆಚೆ ತುದಿಯ ವಿಳಾಸದಿಂದ ಮಾತ್ರ. ಟಿಸಿಪಿ ಪೋರ್ಟ್ 47 ತೆರೆದು ಕೂತವರೂ ಇದ್ದಾರೆ, ಅವರ ವಿಷಯ ಬೇಡ. ಕೀಪ್‌ಅಲೈವ್ (ಆಚೆ ತುದಿ ಬದುಕಿದೆಯಾ ಅಂತ ಆಗಾಗ ವಿಚಾರಿಸುವುದು) ಹಾಕದಿದ್ದರೆ ಆಚೆ ರೌಟರ್ ಸತ್ತರೂ ಈಚೆ ಇಂಟರ್‌ಫೇಸ್ "ಅಪ್" ಅಂತಲೇ ತೋರಿಸಬಹುದು.

ಮತ್ತೆ ಆ ಪಿಂಗ್. ಪಿಂಗೇ ಮಾಡುವುದಾದರೆ ಡೋಂಟ್ ಫ್ರಾಗ್ಮೆಂಟ್ (ತುಂಡು ಮಾಡಬೇಡ) ಹಾಕಿ, ಸೈಜ್ 1440 ಕೊಡಿ, ರೌಟರಿನಿಂದಲ್ಲ, ಗೋಡೌನಿನ ಕಂಪ್ಯೂಟರಿನಿಂದ ಅಂಗಡಿಯ ಕಂಪ್ಯೂಟರಿಗೆ. 1440ಕ್ಕೆ ಹೆಡರಿನ 28 ಸೇರಿದರೆ 1468. ಅದು ಹೋಗಬೇಕು, 1441 ಹೋಗಬಾರದು. ಆಮೇಲೆ ಆಚೆಯಿಂದ ಈಚೆಗೂ ಮಾಡಿ. ಎರಡು ನಿಮಿಷದ ಕೆಲಸ. ಅದಕ್ಕೂ ಪುರುಸೊತ್ತಿಲ್ಲ, ಬಿಲ್ ಕೊಡಲು ಮಾತ್ರ ಉಂಟು.

ಜಿಆರ್‌ಇಯಲ್ಲಿ ಎನ್‌ಕ್ರಿಪ್ಶನ್ ಇಲ್ಲ, ನಿಮ್ಮ ಲೆಕ್ಕಪತ್ರ ಬತ್ತಲೆಯಾಗಿಯೇ ಹೋಗುತ್ತದೆ. ಅದರ ಮೇಲೆ ಐಪಿಸೆಕ್ ಎನ್ನುವ ಎನ್‌ಕ್ರಿಪ್ಶನ್ ಹೊದಿಸಿ. ಆಗ ಜಾಗ ಇನ್ನೂ ಕಡಿಮೆ: ಎಂಟಿಯು 1400, ಎಂಎಸ್‌ಎಸ್ 1360 ಇಟ್ಟರೆ ಸಾಮಾನ್ಯವಾಗಿ ತೊಂದರೆ ಇಲ್ಲ. ಪಿಂಗ್ ಪರೀಕ್ಷೆ ಆಗ 1372ಕ್ಕೆ.