ತೂಕ ಇಳಿಸೋರಿಗೆ ಜೂಡೋನಾ, ಗರಡಿ ಸಾಮಾ?

ಕರ್ನಾಟಕ ಬಿಟ್ಟು ಹೊರಗಡೆ ಇರೋಕೆ ಶುರು ಮಾಡಿದ್ಮೇಲೆ ಗಮನಿಸಿದ್ದು ಏನಂದ್ರೆ, ಇಲ್ಲಿ ಮಾರ್ಷಲ್ ಆರ್ಟ್ಸ್ ಕ್ಲಾಸಿಗೆ ಸೇರೋ ದೊಡ್ಡೋರಲ್ಲಿ ತುಂಬಾ ಜನ ಬರೋದೇ ಹೊಟ್ಟೆ ಕರಗಿಸೋಕೆ. ನಮ್ಮ ಗರಡಿ ಮನೇಲಿ ಇದು ಉಲ್ಟಾ, ಅಲ್ಲಿಗೆ ಬರೋ ಹುಡುಗನಿಗೆ ಮೈ ತುಂಬ್ಕೋಬೇಕು, ತೊಡೆ ತೋಳು ಗಟ್ಟಿ ಆಗ್ಬೇಕು, ಇಳಿಸೋ ಮಾತೇ ಇಲ್ಲ. ಆದ್ರೂ ಮೈ ಕರಗಿಸೋ ವಿಷಯದಲ್ಲಿ ಗರಡಿಯವರ ಕ್ರಮಾನೇ ಸರಿ ಅಂತ ನನ್ನ ಅನಿಸಿಕೆ.

ಯಾಕಂದ್ರೆ ಲೆಕ್ಕ ನೋಡಿ. ಮೈ ಎಷ್ಟು ಶಕ್ತಿ ಖರ್ಚು ಮಾಡುತ್ತೆ ಅನ್ನೋದನ್ನ ಅಳೆಯೋಕೆ ಮೆಟ್ (MET) ಅಂತ ಒಂದು ಅಳತೆ ಇದೆ, ಸುಮ್ನೆ ಕೂತಿರೋದು 1 ಮೆಟ್ ಅಂದ್ಕೊಂಡ್ರೆ ಜೂಡೋ, ಕರಾಟೆ, ಕಿಕ್‌ಬಾಕ್ಸಿಂಗ್ ಇವನ್ನೆಲ್ಲ ಸಾಧಾರಣ ವೇಗದಲ್ಲಿ ಮಾಡಿದ್ರೆ ಸುಮಾರು 10, ಅದೇ ಹೊಸಬರು ನಿಧಾನಕ್ಕೆ ಕಲಿಯುವಾಗ 5 ಚಿಲ್ಲರೆ ಅಷ್ಟೇ. ಇದನ್ನ ತೂಕಕ್ಕೂ ಗಂಟೆಗೂ ಗುಣಿಸಿದ್ರೆ 80 ಕೆಜಿ ಇರೋರಿಗೆ ಗಂಟೆಗೆ 800 ಕ್ಯಾಲೊರಿ ಅಂತ ಕ್ಲಾಸಿನವರು ಪೋಸ್ಟರ್‌ನಲ್ಲಿ ಹಾಕೋದು ಸುಳ್ಳಲ್ಲ, ಆದ್ರೆ ಹೊಸಬರಿಗೆ ಸಿಗೋದು ಅದರ ಅರ್ಧ, ಒಂದು ಕೆಜಿ ಕೊಬ್ಬು ಅಂದ್ರೆ ಹತ್ತಿರ ಹತ್ತಿರ 7700 ಕ್ಯಾಲೊರಿ, ಹಾಗಾಗಿ ವಾರಕ್ಕೆ ಮೂರು ಗಂಟೆ ಹೋಗಿ ಊಟ ಹಾಗೇ ಇಟ್ಕೊಂಡ್ರೆ ಒಂದು ಕೆಜಿ ಇಳಿಯೋಕೆ ಆರು ವಾರದ ಮೇಲೇನೇ ಬೇಕು.

ಹೊಸಬರಿಗೆ ಅರ್ಧ ಯಾಕೆ ಅಂದ್ರೆ, ಕ್ಲಾಸಲ್ಲಿ ಟೈಮ್ ಹೋಗೋದೇ ನಿಂತು ನೋಡೋದ್ರಲ್ಲಿ. ಮಾಸ್ಟರ್ ತೋರಿಸ್ತಾರೆ, ಪಾರ್ಟ್ನರ್ ಸರದಿ, ನಮ್ಮ ಸರದಿ. ಗರಡಿಯಲ್ಲಿ ಕುಸ್ತಿ ಪಟ್ಟುಗಳಿಗಿಂತ ಮೊದಲು ಸಾಮು, ದಂಡ ಹೊಡಿ, ಬೈಠಕ್ ಹೊಡಿ, ಗದೆ ತಿರುಗಿಸು, ಮಟ್ಟಿ (ಅಖಾಡದ ಮಣ್ಣು) ಅಗೆದು ಹದ ಮಾಡು, ಪಟ್ಟು ಇನ್ನೂ ಬರದೇ ಇರೋನಿಗೂ ಬೆವರು ಕಿತ್ಕೊಂಡು ಬರುತ್ತೆ. (ಹಾಗಂತ ಮೊದಲ ದಿನಾನೇ ನೂರು ಬೈಠಕ್ ಹೊಡೆದು ಮೆಟ್ಲು ಇಳಿಯೋಕಾಗದೆ ಕೂರೋದು ಬೇಡ.)

ಜೂಡೋದವರದ್ದೂ ಒಂದು ಮಾತ್ರ ಭಾರೀ ಇಷ್ಟ, 1882ರಲ್ಲಿ ಜಿಗೊರೊ ಕಾನೊ ಶುರು ಮಾಡಿದ ಈ ವಿದ್ಯೆಯಲ್ಲಿ ಮೊದಲು ಕಲಿಸೋದೇ ಬೀಳೋದನ್ನ, ಉಕೆಮಿ ಅಂತಾರೆ, ಗದ್ದ ಒಳಗೆಳ್ಕೊಂಡು ಕೈ ನೆಲಕ್ಕೆ ಬಡಿದು ಬೀಳೋದು. ದಪ್ಪ ಇರೋರಿಗೆ ಇದೇ ದೊಡ್ಡ ರಕ್ಷಣೆ, ಮೇಲಾಗಿ ಬಿದ್ದು ಎದ್ದು ಬಿದ್ದು ಎದ್ದು ಮಾಡಿದ್ರೆ ಅದೇ ಒಳ್ಳೇ ವ್ಯಾಯಾಮ. ಹಾರಿ ಒದೆಯೋ ಶೈಲಿಗಳನ್ನ ತೂಕ ಸ್ವಲ್ಪ ಇಳಿದ್ಮೇಲೆ ನೋಡ್ಕೊಳ್ಳಿ, ಮಂಡಿ ಪಾಪ.

ಇನ್ನೊಂದು, ಪ್ಲಾಸ್ಟಿಕ್ ಜಾಕೆಟ್ ಹಾಕ್ಕೊಂಡು ಬೆವರು ಸುರಿಸೋರು. ಫೈಟರ್‌ಗಳು ಪಂದ್ಯಕ್ಕೆ ತೂಕ ನೋಡೋ ದಿನಕ್ಕೆ ಸ್ವಲ್ಪ ಮುಂಚೆ ಹೀಗೆ ಮಾಡೋದು ತಮ್ಮ ವೆಯ್ಟ್ ಕ್ಲಾಸಿಗೆ ಇಳಿಯೋಕೆ, ಅದು ಬರೀ ನೀರು, ಕುಡಿದ ತಕ್ಷಣ ವಾಪಸ್, ಅವರಿಗೇ ಅದು ಅಪಾಯ, ಬರೀ ಹೊಟ್ಟೆ ಇಳಿಸೋರಿಗೆ ಯಾತಕ್ಕೆ? ಕ್ಲಾಸಿಗೆ ಅರ್ಧ ಗಂಟೆ ಮುಂಚೆ ಹೋಗಿ ಮೂಲೇಲಿ ದಂಡ ಬೈಠಕ್ ಹೊಡೀರಿ, ನಾನಂತೂ ಹಾಗೇ ಮಾಡ್ತೀನಿ, ಯಾರೂ ಏನೂ ಅನ್ನಲ್ಲ.